ಸಂಗಾತಿಯೇ ಮಗುವಿಗೆ ಹಿಂಸೆ ಕೊಟ್ಟಾಗ ವಿಚ್ಛೇದನ: ಗೊತ್ತಾದ ದಿನದಿಂದ ತೀರ್ಪಿನವರೆಗೆ

ಮಗುವಿಗೆ ಬರೆ ಹಾಕಿದವರು, ಕೋಣೆಯಲ್ಲಿ ಕೂಡಿಹಾಕಿ ಊಟ ಕೊಡದವರು, ಮುಟ್ಟಬಾರದ ಕಡೆ ಮುಟ್ಟಿದವರು ಒಂದೇ ಮನೆಯಲ್ಲಿರುವ ಗಂಡ ಅಥವಾ ಹೆಂಡತಿ ಎಂದು ಗೊತ್ತಾದಾಗ ಕೈಕಾಲು ಆಡುವುದಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಬರುವ ಪ್ರಶ್ನೆ: ಇದರ ಮೇಲೆ ಡೈವೋರ್ಸ್ ಸಿಗುತ್ತಾ?

ಸಿಗುತ್ತದೆ. ಆದರೆ ಕೋರ್ಟ್ ಎರಡು ಸಂಗತಿ ನೋಡುತ್ತದೆ. ಅವರು ಮಗುವಿಗೆ ಏನು ಮಾಡಿದರು ಎನ್ನುವುದು ಒಂದು. ಅದು ಗೊತ್ತಾದ ಮೇಲೆ ನೀವು ಏನು ಮಾಡಿದಿರಿ ಎನ್ನುವುದು ಇನ್ನೊಂದು. ಈ ಎರಡನೆಯದರ ಕಡೆ ತುಂಬಾ ಜನ ಗಮನವನ್ನೇ ಕೊಡುವುದಿಲ್ಲ. ಹಾಗಾಗಿ ಅರ್ಜಿ ಬರೆಯುವ ವಿಷಯ ಆಮೇಲೆ ನೋಡೋಣ. ಮೊದಲು ಗೊತ್ತಾದ ದಿನದ ಕೆಲಸ.

ಮೊದಲ ಕೆಲಸ: ಮಗುವನ್ನು ಅವರ ಕೈಗೆ ಸಿಗದ ಕಡೆ ಕರೆದುಕೊಂಡು ಹೋಗಿ

ತವರು ಮನೆ, ಅಣ್ಣನ ಮನೆ, ನಂಬಿಕಸ್ಥ ಸ್ನೇಹಿತರ ಮನೆ, ಎಲ್ಲಾದರೂ ಸರಿ. ಹೋಗಲು ಜಾಗವೇ ಇಲ್ಲದ ಹೆಣ್ಣುಮಕ್ಕಳಿಗೆ ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ ಸಿಗುತ್ತದೆ. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮಕ್ಕಳ ಸಹಾಯವಾಣಿ 1098. ಆ ಕ್ಷಣದಲ್ಲೇ ಅಪಾಯ ಇದ್ದರೆ 112.

ಹೊರಡುವಾಗ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್, ಶಾಲೆಯ ಕಾಗದ, ನಿಮ್ಮ ಮದುವೆಯ ಫೋಟೊ, ಲಗ್ನಪತ್ರಿಕೆ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಳ್ಳಿ. ಕೈಗೆ ಸಿಗದಿದ್ದರೆ ಬಿಟ್ಟು ಹೊರಡಿ, ಆಮೇಲೆ ತರಿಸಿಕೊಳ್ಳಬಹುದು.

ಮಗುವಿನ ಮಾತು ಕೇಳುವ ರೀತಿ

ಮುಂದೆ ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ಮೊದಲು ಹೇಳುವ ಮಾತು, 'ಮಗುವಿಗೆ ಇದನ್ನು ಹೇಳಿಕೊಟ್ಟಿದ್ದೀರಿ' ಎಂದು. ಅದಕ್ಕೆ ಅವಕಾಶ ಕೊಡಬೇಡಿ. 'ಅಪ್ಪ ಅಲ್ಲಿ ಮುಟ್ಟಿದ್ರಾ?' ಎಂದು ಕೇಳಿದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಇಟ್ಟ ಹಾಗೆ. 'ಏನಾಯ್ತು ಪುಟ್ಟಾ?', 'ಆಮೇಲೆ?' ಇಷ್ಟು ಸಾಕು. ಮಗು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಅಜ್ಜಿಯ ಮುಂದೆ, ಮಾವನ ಮುಂದೆ, ಪಕ್ಕದ ಮನೆಯವರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಅದೇ ಮಾತನ್ನು ಮೊಬೈಲಿನಲ್ಲಿ ಹತ್ತು ಸಲ ವಿಡಿಯೊ ಮಾಡಿಸಬೇಡಿ. ಮಗುವಿಗೆ ಅದು ಇನ್ನೊಂದು ಹಿಂಸೆ. ಕೇಸಿಗೂ ಪೆಟ್ಟು.

ಮಗು ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಾಂಕ, ಹೊತ್ತು, ಯಾರು ಇದ್ದರು, ಮಗು ಯಾವ ಪದ ಬಳಸಿತು. ಮಗು 'ಉಚ್ಚೆ ಹೊಯ್ಯೋ ಜಾಗ' ಅಂದಿದ್ದರೆ ಹಾಗೇ ಬರೆಯಿರಿ, ದೊಡ್ಡವರ ಮಾತಿಗೆ ತಿದ್ದಬೇಡಿ. ತಿದ್ದಿದ ಮಾತಿಗಿಂತ ಆ ಮುದ್ದು ಪದಕ್ಕೇ ಕೋರ್ಟಿನಲ್ಲಿ ಬೆಲೆ ಜಾಸ್ತಿ.

ಆಸ್ಪತ್ರೆ

ಅದೇ ದಿನ ಹೋಗಿ. ಲೈಂಗಿಕ ಹಿಂಸೆಯ ಸಂಶಯ ಇದ್ದರೆ ಸ್ನಾನ ಮಾಡಿಸಬೇಡಿ. ಆಗ ಹಾಕಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರ್ ಬೇಡ. 'ಮೊದಲು ಎಫ್‌ಐಆರ್ ತನ್ನಿ' ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬಹುದು. ಹೆಣ್ಣುಮಗುವಾದರೆ ವೈದ್ಯೆಯೇ ಪರೀಕ್ಷೆ ಮಾಡಬೇಕು. ಮಗು ನಂಬುವ ಒಬ್ಬರು ಜೊತೆಗಿರಬೇಕು. ಖಾಸಗಿ ಆಸ್ಪತ್ರೆಯಾದರೂ ಪ್ರಥಮ ಚಿಕಿತ್ಸೆಯನ್ನು ಹಣ ಕೇಳದೆ ಕೊಡಬೇಕು.

ಹೊಡೆದ, ಸುಟ್ಟ ಗಾಯವಾದರೆ ಗಾಯ ಹೇಗಾಯಿತು, ಯಾರಿಂದ ಆಯಿತು ಎಂದು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನಾಚಿಕೆಗೋ ಹೆದರಿಕೆಗೋ 'ಮೆಟ್ಟಿಲಿನಿಂದ ಬಿದ್ದ' ಎಂದು ಬರೆಸಿದರೆ ಆ ಚೀಟಿ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಎಂಎಲ್‌ಸಿ ಮಾಡಿಸಿ, ಅಂದರೆ ಇದು ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆಯಲ್ಲಿ ದಾಖಲು ಮಾಡಿಸಿ. ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಆಮೇಲೆ ಪೊಲೀಸರ ಮೂಲಕ ಬರುತ್ತದೆ. ಓಪಿಡಿ ಚೀಟಿಯ ಪ್ರತಿ ಮಾತ್ರ ಆಗಲೇ ಕೈಯಲ್ಲಿರಲಿ.

ಪೊಲೀಸ್ ಠಾಣೆ

ಲೈಂಗಿಕ ಹಿಂಸೆಯಾದರೆ ಇಲ್ಲಿ ಆಯ್ಕೆ ಇಲ್ಲ. ಪೋಕ್ಸೊ 2012ರ ಸೆಕ್ಷನ್ 19ರ ಪ್ರಕಾರ ವಿಷಯ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಹೆತ್ತವರೂ ಇದರಲ್ಲಿ ಬರುತ್ತಾರೆ. ತಿಳಿಸದಿದ್ದರೆ ಸೆಕ್ಷನ್ 21ರಂತೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. 18 ತುಂಬದ ಗಂಡುಮಗುವಿಗೂ ಹೆಣ್ಣುಮಗುವಿಗೂ ಒಂದೇ ಕಾನೂನು. ಹಿಂಸೆ ಕೊಟ್ಟವರು ಗಂಡಸಾದರೂ ಹೆಂಗಸಾದರೂ ಅಷ್ಟೇ. ತಂದೆ, ಮಲತಂದೆಯಂಥ ಸಂಬಂಧಿಕರೇ ಮಾಡಿದ್ದರೆ ಅದು ಇನ್ನೂ ಗಂಭೀರ ಅಪರಾಧ. ಅದು ಬರೀ ಮುಟ್ಟುವುದನ್ನು ಮೀರಿ ಅತ್ಯಾಚಾರದಂಥ ಹಲ್ಲೆಯಾಗಿದ್ದರೆ, 2019ರ ತಿದ್ದುಪಡಿಯ ನಂತರ ಸೆಕ್ಷನ್ 6ರ ಅಡಿ ಕನಿಷ್ಠ ಶಿಕ್ಷೆಯೇ 20 ವರ್ಷ.

ಠಾಣೆ ಎಂದರೆ ಹೆದರಿಕೆ ಇದ್ದೇ ಇರುತ್ತದೆ. ಆದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲೋ, ಮಗುವಿಗೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳಬೇಕು. ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಮಗುವಿನ ಹೆಸರು, ಶಾಲೆ, ಮನೆ ಗೊತ್ತಾಗುವ ಯಾವುದನ್ನೂ ಪತ್ರಿಕೆ, ಟಿವಿ ಹೊರಗೆ ಹಾಕುವಂತಿಲ್ಲ. ಆರೋಪಿ ಅದೇ ಮನೆಯವರಾದರೆ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ಅಲ್ಲಿ ನೀವೂ ಹೋಗಿ. ಮಗು ನಿಮ್ಮ ಜೊತೆ ಎಲ್ಲಿ ಇರುತ್ತದೆ, ಆ ಮನೆಗೆ ಆರೋಪಿ ಬರಲಾರರು ಎಂದು ಹೇಗೆ ಖಾತ್ರಿ, ಇದನ್ನು ಹೇಳಲು ಸಿದ್ಧರಾಗಿ. ಸಮಿತಿ ಕೇಳುವುದೇ ಅದನ್ನು.

ಲೈಂಗಿಕವಲ್ಲದ ಹಿಂಸೆಗೆ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 75 ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಹೊಡೆದು ಬಡಿದು, ನಿರ್ಲಕ್ಷಿಸಿ ನರಳಿಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 'ಶಿಸ್ತು ಕಲಿಸಿದೆ' ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಒಂದು ಏಟನ್ನು ಕೋರ್ಟ್ ಹಾಗೆ ನೋಡಲೂಬಹುದು. ಬರೆ, ಬೆಲ್ಟಿನ ಬಾಸುಂಡೆ, ಮುರಿದ ಮೂಳೆಯನ್ನು ಯಾರೂ ಶಿಸ್ತು ಎನ್ನುವುದಿಲ್ಲ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ 'ಮನೆ ಜಗಳ, ಕೂತು ಮಾತಾಡಿ' ಎಂದರೆ ಹಿಂಬರಹ, ಅಂದರೆ ದೂರು ಯಾಕೆ ತೆಗೆದುಕೊಳ್ಳಲಿಲ್ಲ ಎಂಬ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಅದನ್ನೂ ಕೊಡದಿದ್ದರೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿ ಅವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ರಸೀದಿ ನಿಮ್ಮ ಡೈವೋರ್ಸ್ ಕೇಸಿನಲ್ಲೂ ಬೇಕಾಗುತ್ತದೆ.

ಹೆಂಡತಿಗೆ ಇನ್ನೊಂದು ದಾರಿ

ಹಿಂಸೆ ಕೊಡುತ್ತಿರುವವರು ಗಂಡನಾದರೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005 ಎಲ್ಲಕ್ಕಿಂತ ಬೇಗ ಕೆಲಸಕ್ಕೆ ಬರುತ್ತದೆ. ಮಲಮಗು, ದತ್ತು ಮಗುವೂ ಇದರ ರಕ್ಷಣೆಯೊಳಗೆ ಬರುತ್ತವೆ. ಮ್ಯಾಜಿಸ್ಟ್ರೇಟರು ಗಂಡನನ್ನು ಮನೆಯಿಂದ ಹೊರಗೆ ಹೋಗು ಎನ್ನಬಹುದು, ಶಾಲೆಯ ಹತ್ತಿರ ಸುಳಿಯಬೇಡ ಎನ್ನಬಹುದು, ಮಗುವಿನ ತಾತ್ಕಾಲಿಕ ಕಸ್ಟಡಿ ನಿಮಗೆ ಕೊಡಬಹುದು, ಭೇಟಿಯಿಂದ ಮಗುವಿಗೆ ಕೆಡುಕು ಎನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ತುರ್ತು ಇದ್ದರೆ ಎದುರಿನವರ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ಸಿಗುತ್ತದೆ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು. ಕರ್ನಾಟಕದಲ್ಲಿ ರಕ್ಷಣಾಧಿಕಾರಿ ಎಂದರೆ ಸಾಮಾನ್ಯವಾಗಿ ನಿಮ್ಮ ತಾಲ್ಲೂಕಿನ ಸಿಡಿಪಿಒ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ವಿಳಾಸ ಸಿಗುತ್ತದೆ.

ಹಿಂಸೆ ಕೊಡುತ್ತಿರುವವರು ಹೆಂಡತಿಯಾದರೆ ಗಂಡನಿಗೆ ಈ ಕಾಯ್ದೆಯಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಅವರು ಪೊಲೀಸ್ ದೂರು, ಮಕ್ಕಳ ಕಲ್ಯಾಣ ಸಮಿತಿ ಮತ್ತು ಫ್ಯಾಮಿಲಿ ಕೋರ್ಟಿನ ಮಧ್ಯಂತರ ಕಸ್ಟಡಿ ಅರ್ಜಿ, ಈ ಮೂರನ್ನು ನೆಚ್ಚಬೇಕು.

ವಿಚ್ಛೇದನದ ಆಧಾರ ಯಾವುದು?

'ಮಗುವಿಗೆ ಹಿಂಸೆ' ಎಂಬ ಹೆಸರಿನ ಆಧಾರ ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಇಲ್ಲ. ಇರುವುದು ಕ್ರೌರ್ಯ, ಸೆಕ್ಷನ್ 13(1)(ಐಎ). ಅರ್ಜಿದಾರರನ್ನು ಕ್ರೌರ್ಯದಿಂದ ನಡೆಸಿಕೊಂಡಿರಬೇಕು ಎನ್ನುತ್ತದೆ ಆ ಸೆಕ್ಷನ್. ಏಟು ಬಿದ್ದದ್ದು ಮಗುವಿಗಲ್ವಾ, ನಿಮಗೆ ಹೇಗೆ ಕ್ರೌರ್ಯವಾಯಿತು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ 1975ರಲ್ಲೇ ಸಿಕ್ಕಿದೆ.

ದಾಸ್ತಾನೆ ಪ್ರಕರಣದಲ್ಲಿ ಹೆಂಡತಿ ಹಸುಗೂಸಿನ ನಾಲಿಗೆಗೆ ಖಾರದ ಪುಡಿ ಸವರಿದ್ದರು, ಜೋರು ಜ್ವರದಲ್ಲಿದ್ದ ಮಗುವನ್ನು ದಯೆಯಿಲ್ಲದೆ ಹೊಡೆದಿದ್ದರು. ಬೇರೆ ಆರೋಪಗಳೂ ಇದ್ದವು. ಇಂಥ ನಡತೆ ದಾಂಪತ್ಯದ ಉದ್ದೇಶವನ್ನೇ ಹಾಳುಮಾಡುತ್ತದೆ, ಇದು ಗಂಡನ ಮೇಲಿನ ಕ್ರೌರ್ಯ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಇಂಥ ಕೇಸಿನಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಬೀತು ಬೇಡ, ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು ಎಂದೂ ಹೇಳಿತು. ಆದರೂ ಗಂಡ ಸೋತರು! ಯಾಕೆಂದರೆ ಅಷ್ಟೆಲ್ಲ ಆದ ಮೇಲೂ ಅವರು ಹೆಂಡತಿಯ ಜೊತೆ ಸಂಸಾರ ಮುಂದುವರಿಸಿದ್ದರು. ಹೆಂಡತಿಯ ತಪ್ಪನ್ನು ಮನ್ನಿಸಿದ್ದಾರೆ ಎಂದು ಕೋರ್ಟ್ ತೀರ್ಮಾನಿಸಿತು. ಆಗ ಕ್ರೌರ್ಯದ ಮೇಲೆ ನ್ಯಾಯಿಕ ಪ್ರತ್ಯೇಕತೆ (ಮದುವೆ ಮುರಿಯದೆ ಬೇರೆ ಇರಲು ಕೋರ್ಟ್ ಕೊಡುವ ಆದೇಶ) ಮಾತ್ರ ಸಿಗುತ್ತಿತ್ತು. 1976ರ ತಿದ್ದುಪಡಿ ಅದನ್ನು ವಿಚ್ಛೇದನದ ಆಧಾರವನ್ನಾಗಿ ಮಾಡಿತು. ಮನ್ನಿಸಿರಬಾರದು ಎನ್ನುವ ನಿಯಮ ಮಾತ್ರ ಸೆಕ್ಷನ್ 23ರಲ್ಲಿ ಇವತ್ತಿಗೂ ಇದೆ.

ಗೊತ್ತಾದ ಮೇಲೆ ನೀವೇನು ಮಾಡಿದಿರಿ ಎಂಬುದು ಮುಖ್ಯ ಎಂದದ್ದು ಇದಕ್ಕೇ. ಹೆದರಿ, ಬೇರೆ ಗತಿಯಿಲ್ಲದೆ ಒಂದೇ ಸೂರಿನ ಕೆಳಗೆ ಇದ್ದದ್ದು ಮನ್ನಿಸಿದಂತೆ ಅಲ್ಲ. ಆದರೆ ಯಾಕೆ ಇದ್ದಿರಿ ಎಂಬುದನ್ನು ಅರ್ಜಿಯಲ್ಲೇ ಹೇಳಿ: ಕೈಯಲ್ಲಿ ದುಡ್ಡಿರಲಿಲ್ಲ, ಬೇರೆ ಕೋಣೆಯಲ್ಲಿ ಮಗುವಿನ ಜೊತೆ ಮಲಗುತ್ತಿದ್ದೆ, ತವರಿಗೆ ಫೋನ್ ಮಾಡಿ ಹೇಳಿದ್ದೆ. ಒಮ್ಮೆ ಕ್ಷಮಿಸಿ ವಾಪಸ್ ಹೋಗಿದ್ದು, ಅವರು ಮತ್ತೆ ಅದನ್ನೇ ಮಾಡಿದ್ದರೆ ಹಳೆಯ ಕ್ರೌರ್ಯಕ್ಕೂ ಮತ್ತೆ ಜೀವ ಬರುತ್ತದೆ. ಇದೂ ಅದೇ ತೀರ್ಪಿನಲ್ಲಿದೆ.

ಹೆಂಡತಿಗೆ ಇನ್ನೊಂದು ಆಧಾರವೂ ಇದೆ. ಮದುವೆಯ ನಂತರ ಗಂಡ ಅತ್ಯಾಚಾರದ ಅಥವಾ ಅಸಹಜ ಲೈಂಗಿಕ ಕೃತ್ಯದ ತಪ್ಪಿತಸ್ಥನಾಗಿದ್ದರೆ ಸೆಕ್ಷನ್ 13(2)(ii) ಅಡಿ ಕೇಳಬಹುದು. ಬಲಿಯಾದದ್ದು ಸ್ವಂತ ಮಗುವಾದರೂ ಇದು ಅನ್ವಯಿಸುತ್ತದೆ. ಪೋಕ್ಸೊ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದರೆ ಈ ಆಧಾರ ಗಟ್ಟಿ. ಆದರೆ ಆ ತೀರ್ಪಿಗಾಗಿ ಕಾಯುತ್ತಾ ಕೂರಬೇಡಿ. ಕ್ರೌರ್ಯದ ಮೇಲೆ ಈಗಲೇ ಅರ್ಜಿ ಹಾಕಿ, ಇದನ್ನು ಜೊತೆಗೆ ಸೇರಿಸಿ. ಅಲ್ಲಿ ಖುಲಾಸೆಯಾದರೂ ಇಲ್ಲಿ ಕೇಸು ತಾನಾಗಿ ಬಿದ್ದುಹೋಗುವುದಿಲ್ಲ, ಎರಡೂ ಕಡೆ ಅಳತೆ ಬೇರೆ.

ಹಿಂದೂ ವಿವಾಹ ಕಾಯ್ದೆ ಲಿಂಗಾಯತ, ವೀರಶೈವ, ಜೈನ, ಬೌದ್ಧ, ಸಿಖ್ಖರಿಗೂ ಅನ್ವಯಿಸುತ್ತದೆ. ರಿಜಿಸ್ಟರ್ ಮದುವೆ ವಿಶೇಷ ವಿವಾಹ ಕಾಯ್ದೆಯಡಿ ಆಗಿದ್ದರೆ ಅದರ ಸೆಕ್ಷನ್ 27, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆ 1869ರ ಸೆಕ್ಷನ್ 10. ಎರಡರಲ್ಲೂ ಕ್ರೌರ್ಯ ಇದೆ, ಹೆಂಡತಿಗೆ ಅತ್ಯಾಚಾರದ ಆಧಾರವೂ ಇದೆ. ಮುಸ್ಲಿಂ ಹೆಂಡತಿಗೆ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ 1939ರ ಸೆಕ್ಷನ್ 2. ಮೈಮುಟ್ಟಿ ಹೊಡೆಯದಿದ್ದರೂ ನಡತೆಯಿಂದ ಬದುಕನ್ನು ನರಕ ಮಾಡಿದ್ದರೆ ಅದು ಕ್ರೌರ್ಯ ಎಂದು ಅಲ್ಲಿ ಬರೆದೇ ಇದೆ. ಗಂಡನಿಗೆ 7 ವರ್ಷ ಅಥವಾ ಜಾಸ್ತಿ ಶಿಕ್ಷೆಯಾಗಿ ಅದು ಅಂತಿಮವಾಗಿದ್ದರೆ ಅದೂ ಪ್ರತ್ಯೇಕ ಆಧಾರ.

ಅರ್ಜಿ ಬರೆಸುವಾಗ

ವಕೀಲರಿಗೆ ಎಲ್ಲ ಹೇಳಿ, ಕರಡು ಬಂದ ಮೇಲೆ ನೀವೇ ಕೂತು ಓದಿ. 'ಎದುರುದಾರರು ಮಗುವಿಗೆ ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡುತ್ತಿದ್ದರು' ಎಂದಷ್ಟೇ ಇದ್ದರೆ ವಾಪಸ್ ಕೊಡಿ. ಹೀಗೆ ಇರಬೇಕು:

'ಜೂನ್ 14ರಂದು ರಾತ್ರಿ ಸುಮಾರು 8 ಗಂಟೆಗೆ, ಹೋಂವರ್ಕ್ ಮುಗಿಸಿಲ್ಲವೆಂದು ಎದುರುದಾರರು ಅಡುಗೆಮನೆಯ ಸಟ್ಟುಗವನ್ನು ಕಾಯಿಸಿ ಮಗುವಿನ ಬಲಗೈಗೆ ಬರೆ ಹಾಕಿದರು. ಬಿಡಿಸಲು ಹೋದ ಅರ್ಜಿದಾರಳನ್ನು ತಳ್ಳಿದರು. ಅರ್ಜಿದಾರಳು ಅಂದೇ ರಾತ್ರಿ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಅಂದಿನಿಂದ ಮಗು ಎದುರುದಾರರ ಬೈಕಿನ ಸದ್ದು ಕೇಳಿದರೆ ಮಂಚದ ಕೆಳಗೆ ಅಡಗುತ್ತದೆ. ಅರ್ಜಿದಾರಳಿಗೆ ನಿದ್ದೆ ಬರುವುದಿಲ್ಲ. ಎದುರುದಾರರ ಜೊತೆ ಇನ್ನು ಬಾಳುವುದು ಅರ್ಜಿದಾರಳಿಗೆ ಸಾಧ್ಯವಿಲ್ಲ.'

ಕೊನೆಯ ಎರಡು ವಾಕ್ಯವನ್ನು ಬಿಡಲೇಬೇಡಿ. ಮಗುವಿಗಾದದ್ದು ನಿಮ್ಮ ಮೇಲಿನ ಕ್ರೌರ್ಯವಾಗುವುದು ಅಲ್ಲೇ. ಲೈಂಗಿಕ ಹಿಂಸೆಯ ಕೇಸಾದರೆ ಅರ್ಜಿಯ ಮಾತಿಗೂ ಎಫ್‌ಐಆರಿನ ಮಾತಿಗೂ ದಿನಾಂಕ, ಜಾಗ ಒಂದಕ್ಕೊಂದು ತಾಳೆಯಾಗಬೇಕು.

ಗೊತ್ತಿಲ್ಲದ್ದನ್ನು ಸೇರಿಸಬೇಡಿ. ಕಸ್ಟಡಿ ಗೆಲ್ಲಲು ಸುಳ್ಳು ಆರೋಪ ಹೊರಿಸಿದರೆ ಅದೇ ನಿಮ್ಮ ಕಡೆಯಿಂದ ಆದ ಮಾನಸಿಕ ಕ್ರೌರ್ಯವಾಗಬಹುದು. ಸುಳ್ಳು ದೂರು ಕ್ರೌರ್ಯ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಿಜವಾಗಿ ನೊಂದ ಮಕ್ಕಳ ಮಾತನ್ನೂ ಜನ ಅನುಮಾನದಿಂದ ನೋಡುವ ಹಾಗೆ ಮಾಡುವುದು ಇಂಥ ಸುಳ್ಳುಗಳೇ. ಅನುಮಾನ ಇದ್ದರೆ ಅನುಮಾನ ಎಂದೇ ಬರೆಯಿರಿ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾಹಿತಿಗೆ ಪೋಕ್ಸೊ ಕಾಯ್ದೆ ರಕ್ಷಣೆ ಕೊಡುತ್ತದೆ.

ಎಲ್ಲಿ, ಯಾವಾಗ ಹಾಕಬೇಕು?

ಮದುವೆಯಾದ ಊರು, ಕೊನೆಯದಾಗಿ ಒಟ್ಟಿಗಿದ್ದ ಊರು, ಎದುರಿನವರು ಇರುವ ಊರು, ಯಾವ ಕಡೆಯ ಫ್ಯಾಮಿಲಿ ಕೋರ್ಟ್ ಆದರೂ ಆದೀತು. ಹೆಂಡತಿ ಅರ್ಜಿದಾರಳಾದರೆ ಈಗ ತಾನಿರುವ ಊರಿನಲ್ಲೂ ಹಾಕಬಹುದು. ಮದುವೆಯಾಗಿ ಒಂದು ವರ್ಷ ತುಂಬಿರಬೇಕು. ತುಂಬಿಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 14ರ ಅಡಿ ವಿಶೇಷ ಅನುಮತಿ ಕೇಳಿ. ಎರಡನೇ ಮದುವೆಯಾಗಿ ಕೆಲವೇ ತಿಂಗಳಲ್ಲಿ ಮಲತಂದೆಯ ನಿಜರೂಪ ಗೊತ್ತಾದ ತಾಯಂದಿರಿಗೆ ಇದು ಬೇಕಾಗುತ್ತದೆ.

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿಗಳನ್ನೂ ಹಾಕಿಸಿ. ಅದೇ ಕಾಯ್ದೆಯ ಸೆಕ್ಷನ್ 26ರಲ್ಲಿ ಮಗುವಿನ ಕಸ್ಟಡಿ ಮತ್ತು ಖರ್ಚು, 24ರಲ್ಲಿ ನಿಮ್ಮ ಜೀವನಾಂಶ. ಆಸ್ತಿ, ಸಂಬಳ, ಸಾಲದ ಅಫಿಡವಿಟ್ ಇಬ್ಬರೂ ಕೊಡಬೇಕು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಲಿ ಎಂದು ಒಂದು ಮೆಮೊ ಕೊಡಿ.

ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಫೋನ್ 15100.

ಸಾಕ್ಷ್ಯ

ಆಸ್ಪತ್ರೆ ಚೀಟಿ, ಎಫ್‌ಐಆರ್, ದಿನಾಂಕವಿರುವ ಗಾಯದ ಫೋಟೊ, ವಾಟ್ಸಾಪ್ ಮೆಸೇಜು, ಕ್ಲಾಸ್ ಟೀಚರ್ ಕಂಡ ಬದಲಾವಣೆ, ಕೌನ್ಸೆಲರ್ ವರದಿ. ಮೊಬೈಲಿನದ್ದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡಬೇಕಾದ ದೃಢೀಕರಣ) ಜೊತೆಗಿರಲಿ, ಹಳೆಯ ಫೋನನ್ನು ಮಾರಬೇಡಿ. ಸಂಗಾತಿ ಫೋನಿನಲ್ಲಿ ತಪ್ಪೊಪ್ಪಿಕೊಂಡದ್ದು ರೆಕಾರ್ಡ್ ಆಗಿದ್ದರೆ ಅದನ್ನೂ ಕೊಡಿ. ಗಂಡ ಹೆಂಡತಿಯ ನಡುವಿನ ಕೇಸಿನಲ್ಲಿ ಗುಟ್ಟಾಗಿ ಮಾಡಿದ ರೆಕಾರ್ಡಿಂಗನ್ನೂ ಪರಿಗಣಿಸಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗುವನ್ನು ಡೈವೋರ್ಸ್ ಕೇಸಿನಲ್ಲಿ ಸಾಕ್ಷಿ ಹೇಳಲು ಕರೆಸದೇ ಇರಲು ಆದಷ್ಟೂ ನೋಡಿ. ಜಡ್ಜ್ ಚೇಂಬರಿನಲ್ಲಿ ಒಮ್ಮೆ ಮಾತಾಡಿಸಿದರೆ ಅಷ್ಟು ಸಾಕು.

ಕಸ್ಟಡಿ, ಭೇಟಿ ಮತ್ತು ರಾಜಿ

ಹೆಚ್ಚಿನವರು ದಣಿದು ಕೈಬಿಡುವುದು ಇಲ್ಲೇ. ಫ್ಯಾಮಿಲಿ ಕೋರ್ಟಿನಲ್ಲಿ ಮೊದಲು ಕೌನ್ಸೆಲಿಂಗ್, ಮಧ್ಯಸ್ಥಿಕೆ ಇರುತ್ತದೆ. ಹೋಗಿ, ಆದರೆ ಸಂಸಾರ ಕೂಡಿಸುವ ಮಾತು ಬಂದರೆ ಕಾರಣ ಹೇಳಿ ಬೇಡ ಎನ್ನಿ. 'ತಂದೆ ತಾನೇ, ವಾರಕ್ಕೊಮ್ಮೆ ನೋಡಲಿ ಬಿಡಿ' ಎನ್ನುವ ಸಲಹೆ ಬರುತ್ತದೆ. ಕಸ್ಟಡಿಯಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು, ತಂದೆಯ ಹಕ್ಕೋ ತಾಯಿಯ ಹಕ್ಕೋ ಅಲ್ಲ. ಲೈಂಗಿಕ ಹಿಂಸೆಯ ಆರೋಪ ಇರುವಾಗ ಭೇಟಿಯೇ ಬೇಡ ಎಂದು ಲಿಖಿತ ಆಕ್ಷೇಪಣೆ ಹಾಕಿ. ಕೋರ್ಟ್ ಕೊಟ್ಟೇ ಕೊಡುತ್ತದೆ ಎಂದಾದರೆ ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಕೌನ್ಸೆಲರ್ ಎದುರಿನಲ್ಲಿ, ಇಂತಿಷ್ಟೇ ಹೊತ್ತು ಎಂದು ಕೇಳಿ. ಹೊರಗೆ ಕರೆದೊಯ್ಯುವುದು, ರಾತ್ರಿ ಉಳಿಸಿಕೊಳ್ಳುವುದು ಬೇಡ ಎಂದು ಆದೇಶದಲ್ಲೇ ಬರೆಸಿ. ಭೇಟಿಯ ನಂತರ ಮಗು ಹಾಸಿಗೆ ಒದ್ದೆ ಮಾಡಿಕೊಂಡರೆ, ಊಟ ಬಿಟ್ಟರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆದೇಶ ಬದಲಿಸಲು ಅರ್ಜಿ ಹಾಕಿ.

ಮುಂದೆ ಎದುರಿನ ಕಡೆಯಿಂದ ಈ ಮಾತು ಬರುತ್ತದೆ: 'ಪೋಕ್ಸೊ ಕೇಸ್ ವಾಪಸ್ ತಗೊಳ್ಳಿ, ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳೋಣ, ಮನೆ ನಿಮಗೇ ಬಿಡ್ತೀವಿ.' ಪೋಕ್ಸೊ ಕೇಸನ್ನು ವಾಪಸ್ ತೆಗೆದುಕೊಳ್ಳುವುದು ನಿಮ್ಮ ಕೈಯಲ್ಲಿಲ್ಲ, ಅದು ಸರ್ಕಾರ ನಡೆಸುವ ಕೇಸು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಕೇಸನ್ನು ರಾಜಿಯ ಕಾರಣಕ್ಕೆ ರದ್ದು ಮಾಡುವಂತಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅಂದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ, ಬೇಗ ಮುಗಿಯುತ್ತದೆ ನಿಜ. ಒಪ್ಪುವುದಾದರೆ ಒಪ್ಪಿ. ಆದರೆ ಕರಾರಿನಲ್ಲಿ ಕಸ್ಟಡಿ ಪೂರ್ತಿ ನಿಮಗೆ ಎಂದಿರಬೇಕು, ಭೇಟಿಯ ಷರತ್ತು ಬಿಡಿಬಿಡಿಯಾಗಿ ಇರಬೇಕು. 'ನಾನು ಮಾಡಿದ ಆರೋಪಗಳೆಲ್ಲ ಸುಳ್ಳು' ಎನ್ನುವ ಸಾಲು ಎಲ್ಲೂ ನುಸುಳಿರಬಾರದು. ಸಹಿ ಹಾಕುವ ಮೊದಲು ಪ್ರತಿ ಪುಟ ಓದಿ, ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ.

ತೀರ್ಪು ಬಂದ ಮೇಲೆ

ದೃಢೀಕೃತ ಪ್ರತಿ ತೆಗೆದುಕೊಳ್ಳಿ, ನಾಲ್ಕೈದು ಹೆಚ್ಚಿಗೆ ಇರಲಿ. ಎದುರಿನವರು ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಅದರ ಅವಧಿ ಮುಗಿಯುವವರೆಗೆ ಮರುಮದುವೆಯ ಯೋಚನೆ ಬೇಡ. ಮಗುವಿನ ಶಾಲೆಗೆ ಕಸ್ಟಡಿ ಆದೇಶದ ಪ್ರತಿಯ ಜೊತೆ ಒಂದು ಪತ್ರ ಕೊಡಿ: ಮಗುವನ್ನು ಯಾರು ಯಾರು ಕರೆದೊಯ್ಯಬಹುದು, ಅವರ ಫೋಟೊ, ಫೋನ್ ನಂಬರ್. ಸ್ಕೂಲ್ ವ್ಯಾನಿನ ಡ್ರೈವರಿಗೂ ಅದೇ ಪಟ್ಟಿ ಕೊಡಿ. ಶಾಲೆಯವರಿಂದ ಸ್ವೀಕೃತಿ ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.